ದಿವಾಡಿಗೊಂದು ರಾಗದ ರೇಡಿಯೋ ಬೇಕು

ಮಾನ್ಯ ಸಂಪಾದಕರೇ,

ಓಲ್ಡ್ ಗೋವಾದಿಂದ ಫೆರಿ ಹತ್ತಿದರೆ ದಿವಾಡಿ ದ್ವೀಪ. ಅಲ್ಲೊಂದು ಸಮುದಾಯ ರೇಡಿಯೋ ಶುರುವಾಗಿ, ವಾರಕ್ಕೊಮ್ಮೆ ಹಾಡುವವರೇ ಮೈಕ್ ಮುಂದೆ ಕೂತು ಶಾಸ್ತ್ರೀಯ ಸಂಗೀತ ಕೇಳಿಸಿದರೆ ಹೇಗೆ? ಸುಮ್ನೆ ರೆಕಾರ್ಡ್ ಹಾಕಿ ಹೆಸರು ಓದುವುದಲ್ಲ. ಈ ತಾನ, ಅಂದರೆ ಸ್ವರಗಳ ವೇಗದ ಓಟ, ಯಾಕೆ ಹೀಗೆ ತಿರುಗಿತು, ಉಸಿರು ಎಲ್ಲಿ ತೆಗೆದುಕೊಂಡರು ಎನ್ನುವುದು ಹಾಡುವವರಿಗೇ ಜಾಸ್ತಿ ಗೊತ್ತು, ಅಲ್ವಾ?

ಗೋವಾದ ಗಾಯಕಿ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ ರಾಗದ ರೆಕಾರ್ಡ್ 1977ರಲ್ಲೇ ವಾಯೇಜರ್ ನೌಕೆ ಏರಿ ಬಾಹ್ಯಾಕಾಶಕ್ಕೆ ಹೋಯಿತು. ಅದನ್ನು ಮಾಂಡೋವಿ ನದಿ ದಾಟಿಸಿ ದಿವಾಡಿಗೆ ಮುಟ್ಟಿಸುವುದು ಅಷ್ಟು ಕಷ್ಟವೇ! ಅವರದೂ ನಮ್ಮ ಮಲ್ಲಿಕಾರ್ಜುನ ಮನ್ಸೂರರದೂ ಒಂದೇ ಜೈಪುರ-ಅತ್ರೌಲಿ ಘರಾಣೆ, ಅಂದರೆ ಒಂದೇ ಗಾಯನ ಪರಂಪರೆ. ಇಬ್ಬರನ್ನೂ ಅಕ್ಕಪಕ್ಕ ಕೇಳಿಸಿದರೆ ಇಲ್ಲಿನ ಕನ್ನಡಿಗರೂ ರೇಡಿಯೋ ಹಚ್ಚುತ್ತೇವೆ.

2006ರಿಂದ ಲಾಭರಹಿತ ಸಂಸ್ಥೆಗಳಿಗೂ ಇಂಥ ರೇಡಿಯೋಗೆ ಪರವಾನಗಿ ಸಿಗುತ್ತದೆ. ದ್ವೀಪದವರು ಯಾರಾದರೂ ಅರ್ಜಿ ಹಾಕಲಿ.

– ಓದುಗ, ಪಣಜಿ