ಒಂದೇ ಸಲ ಸೋರಿತು ಅಂದೆಯಲ್ಲ, ಪುಟ್ಟಿ

ಮೈಸೂರು
ಭಾನುವಾರ ಬೆಳಗ್ಗೆ

ಪ್ರೀತಿಯ ಪುಟ್ಟಿಗೆ,

ನಿನ್ನೆ ರಾತ್ರಿ ಫೋನಿನಲ್ಲಿ ನಿನಗೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ನೀನು ಅಳುತ್ತಿದ್ದೆ, ನನಗೂ ಮಾತು ತೋಚಲಿಲ್ಲ. ಬೆಳಗ್ಗೆ ಎದ್ದವಳೇ ಕಾಫಿ ಮುಗಿಸಿ ಬರೆಯಲು ಕೂತಿದ್ದೇನೆ. ಬರೆದಾದ ಮೇಲೆ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತೇನೆ. ನಾಳೆ ಮೀಟಿಂಗಿಗೆ ಹೋಗುವ ಮೊದಲು ಎರಡು ಸಲ ಓದು.

ನೀನು ಹೇಳಿದ್ದು ನನಗೆ ಅರ್ಥವಾದದ್ದು ಇಷ್ಟು. ನಿಮ್ಮ ಉಪಗ್ರಹದ ಇಂಧನದ ಪೈಪಿನಲ್ಲಿ ಒಂದು ವಾಲ್ವ್ ಇದೆ. ಹೀಲಿಯಂ ತುಂಬಿ ಮೂರು ಸಲ ಸೋರಿಕೆ ಪರೀಕ್ಷೆ ಮಾಡಿದೆ. ಎರಡು ಸಲ ಸರಿ ಬಂತು, ಒಂದು ಸಲ ಮಿತಿ ಮೀರಿತು. ಆ ಒಂದು ಸಲ ಅಳೆದದ್ದು ತಣ್ಣನೆಯ ಚೇಂಬರಿನಿಂದ ಹೊರಗೆ ತೆಗೆದ ತಕ್ಷಣ. ಇನ್ನು ಹನ್ನೆರಡು ದಿನಕ್ಕೆ ಉಪಗ್ರಹ ಶ್ರೀಹರಿಕೋಟಕ್ಕೆ ಹೊರಡಬೇಕು. "ಮೀಟರ್ ತಪ್ಪು ತೋರಿಸಿರಬೇಕು, ಕೊನೆಯ ರೀಡಿಂಗ್ ಸರಿ ಇದೆಯಲ್ಲ, ಅದನ್ನೇ ಬರೆ" ಎಂದು ಮೇಲಿನವರು ಹೇಳಿದ್ದಾರೆ. ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗದ ನೀನು ಎಲ್ಲರ ಕೆಲಸ ನಿಲ್ಲಿಸಿದ ಹಾಗೆ ಆಗುತ್ತದಲ್ಲ ಎಂಬುದು ನಿನ್ನ ಸಂಕಟ.

ಮೊದಲು ಆ ಮೀಟರಿನ ಮಾತು. ಮೀಟರ್ ತಪ್ಪು ಎನ್ನುವುದಾದರೆ ಅದೇ ಮೀಟರ್ ತೋರಿಸಿದ ಎರಡು ಒಳ್ಳೆಯ ರೀಡಿಂಗನ್ನು ನಂಬುವುದು ಹೇಗೆ? ಅದರಲ್ಲೇ ಅಳೆದ ಉಳಿದ ಜಾಯಿಂಟುಗಳ ಗತಿ ಏನು? ನಮಗೆ ಬೇಡದ ರೀಡಿಂಗ್ ಬಂದಾಗ ಮಾತ್ರ ಮೀಟರ್ ಕೆಡುವುದಿಲ್ಲ, ಪುಟ್ಟಿ. ಈ ಪ್ರಶ್ನೆಯನ್ನು ನಾಳೆ ಸಮಾಧಾನವಾಗಿ ಕೇಳು. ಅಳತೆ ಗೊತ್ತಿರುವ ಕ್ಯಾಲಿಬ್ರೇಟೆಡ್ ಲೀಕ್ ಇಟ್ಟು ಮೀಟರನ್ನು ಪರೀಕ್ಷಿಸಿ ಎನ್ನು. ಅರ್ಧ ದಿನದ ಕೆಲಸ ಅಷ್ಟೇ ಅಲ್ವಾ?

ತೀರ್ಥಹಳ್ಳಿಯ ಮನೆಯನ್ನು ನೀನು ನೋಡಿದ್ದು ಆರ್‌ಸಿಸಿ ಹಾಕಿಸಿದ ಮೇಲೆ. ನಾನು, ನಿನ್ನ ಅಮ್ಮ ಚಿಕ್ಕವರಿದ್ದಾಗ ಅದು ಹೆಂಚಿನ ಮಾಡು. ಆಷಾಢದ ಮಳೆಗೆ ನಡುಮನೆಯಲ್ಲಿ ಒಂದು ಕಡೆ ತೊಟ್ಟಿಕ್ಕುತ್ತಿತ್ತು. ಹೊಳವಾದ ದಿನ ಏಣಿ ಇಟ್ಟು ಹತ್ತಿ ನೋಡಿದರೆ ಒಂದು ಹೆಂಚೂ ಒಡೆದಿರುತ್ತಿರಲಿಲ್ಲ. ಅದಕ್ಕೇ ನಿನ್ನ ಅಜ್ಜ ಮಳೆ ಹೊಯ್ಯುವಾಗಲೇ ಲಾಟೀನು ಹಿಡಿದು ಅಟ್ಟ ಹತ್ತುತ್ತಿದ್ದರು. ನೀರು ಯಾವ ರೀಪಿನ ಗುಂಟ ಹರಿದು ಬರುತ್ತಿದೆ ಎಂದು ನೋಡಿ ಅಲ್ಲಿ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದರು. ಹನಿ ಬೀಳುವ ಜಾಗ ಒಂದು, ಹೆಂಚು ಜಾರಿದ ಜಾಗ ಎರಡು ಮಾರು ಆಚೆ. ಬಿಸಿಲಿನಲ್ಲಿ ಸೋರಲಿಲ್ಲ ಎಂದು ಮಾಡು ಸರಿ ಇದೆ ಎಂದರೆ ಅಜ್ಜ ಒಪ್ಪುತ್ತಿದ್ದರಾ?

ನಿನ್ನ ವಾಲ್ವ್ ಸೋರಿದ್ದು ತಣ್ಣಗಿದ್ದಾಗ. ಬೆಚ್ಚಗಿದ್ದಾಗ ಸರಿ ಬಂದದ್ದು ಅದಕ್ಕೆ ಉತ್ತರವೇ ಅಲ್ಲ. ತಂಪಿಗೆ ಲೋಹ ಕುಗ್ಗುತ್ತದೆ, ಸೀಲ್ ಗಡುಸಾಗುತ್ತದೆ, ಎರಡೂ ಒಂದೇ ಲೆಕ್ಕದಲ್ಲಿ ಕುಗ್ಗುವುದಿಲ್ಲ. ಹೀಲಿಯಂಗೆ ಅಷ್ಟು ಸಂದು ಸಾಕು. ಮತ್ತೆ ತಣ್ಣಗೆ ಮಾಡಿ ಅಳೆಯಬೇಕು. ಇನ್ನೊಂದು ಮಾತು, ಅಳೆಯುವ ಮೊದಲು ಯಾರೂ ಸ್ಪ್ಯಾನರ್ ಹಿಡಿದು ಆ ಜಾಯಿಂಟನ್ನು ಬಿಗಿ ಮಾಡದಂತೆ ನೋಡಿಕೋ. ಬಿಗಿ ಮಾಡಿದರೆ ಸೋರಿಕೆ ನಿಲ್ಲಬಹುದು. ಆದರೆ ಯಾಕೆ ಸೋರಿತು ಎಂಬುದು ಅಲ್ಲಿಗೆ ಅಳಿಸಿಹೋಗುತ್ತದೆ.

2019ರ ಜುಲೈ 15ರ ರಾತ್ರಿ ನಿನಗೆ ನೆನಪಿದೆಯಾ? ನೀನು ಹೈಸ್ಕೂಲಿನಲ್ಲಿದ್ದೆ, ನಮ್ಮ ಮನೆಗೆ ಬಂದಿದ್ದೆ. ಚಂದ್ರಯಾನ-2 ಬೆಳಗಿನ ಜಾವ 2 ಗಂಟೆ 51 ನಿಮಿಷಕ್ಕೆ ಹೊರಡಬೇಕಿತ್ತು. ನಾವಿಬ್ಬರೂ ಶಾಲು ಹೊದ್ದು ಟಿವಿ ಮುಂದೆ ಕೂತಿದ್ದೆವು. ಹೊರಡಲು 56 ನಿಮಿಷ ಇರುವಾಗ ಗಡಿಯಾರ ನಿಂತಿತು. ರಾಷ್ಟ್ರಪತಿ ರಾಮನಾಥ ಕೋವಿಂದ್ ಶ್ರೀಹರಿಕೋಟಕ್ಕೇ ಬಂದಿದ್ದರು. ದೇಶವೆಲ್ಲ ಎದ್ದು ಕೂತಿತ್ತು. ಮೇಲಿನ ಹಂತಕ್ಕೆ ದ್ರವ ಹೈಡ್ರೋಜನ್ ತುಂಬುವುದೂ ಮುಗಿದಿತ್ತು. ಸೊನ್ನೆಗಿಂತ 253 ಡಿಗ್ರಿ ಕೆಳಗಿನ ತಂಪು ಅದು. ಇಸ್ರೋ ತಾಂತ್ರಿಕ ದೋಷ ಎಂದಷ್ಟೇ ಹೇಳಿತು. ಆ ಕ್ರಯೋಜೆನಿಕ್ ಹಂತದಲ್ಲಿ, ಅಂದರೆ ಅತಿ ತಂಪಿನ ಇಂಧನದ ಹಂತದಲ್ಲಿ, ಹೀಲಿಯಂ ಸೋರಿದ್ದು ಎಂದು ಪತ್ರಿಕೆಗಳು ಬರೆದವು. ಜುಲೈ 22ರ ಮಧ್ಯಾಹ್ನ 2 ಗಂಟೆ 43 ನಿಮಿಷಕ್ಕೆ ಅದೇ ರಾಕೆಟ್ ಹಾರಿತು. ಹೋದ ಒಂದು ವಾರವನ್ನು ಚಂದ್ರನ ಸುತ್ತ ಸುತ್ತುವ ದಿನಗಳಲ್ಲಿ ಕಡಿಮೆ ಮಾಡಿ, ಇಳಿಯುವ ದಿನವನ್ನು ಸೆಪ್ಟೆಂಬರ್ 7ಕ್ಕೇ ಉಳಿಸಿಕೊಂಡರು. ಆ ದಿನ ವಿಕ್ರಮ್ ಲ್ಯಾಂಡರ್ ಇಳಿಯುವಾಗ ಕೈತಪ್ಪಿತು, ಅದು ಬೇರೆಯದೇ ಕಾರಣಕ್ಕೆ. ಆದರೆ ಚಂದ್ರನ ಸುತ್ತ ಸುತ್ತುವ ಭಾಗವಾದ ಆರ್ಬಿಟರ್ ಚಂದ್ರನನ್ನು ಸೇರಿತು, ಒಂದು ವರ್ಷ ಎಂದುಕೊಂಡದ್ದು ವರ್ಷಗಟ್ಟಲೆ ಕೆಲಸ ಮಾಡಿತು. 2023ರಲ್ಲಿ ಚಂದ್ರಯಾನ-3 ಹೋದಾಗ ಅದರ ಲ್ಯಾಂಡರ್ ಜೊತೆ ಮಾತಾಡಿದ್ದೂ ಇದೇ ಆರ್ಬಿಟರ್. ಆ ರಾತ್ರಿ ಯಾರೋ ಒಬ್ಬರ ಕಣ್ಣಿಗೆ ಒಂದು ಅಂಕಿ ಸರಿ ಇಲ್ಲ ಅನ್ನಿಸಿತಲ್ಲ, ಅವರನ್ನು ನಾನು ಎಷ್ಟೋ ಸಲ ನೆನೆಸಿಕೊಂಡಿದ್ದೇನೆ.

ಇನ್ನು ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್. ಆ ದುರಂತ ಆದಾಗ ನಾನು ಕೆಲಸಕ್ಕೆ ಸೇರಿ ಮೂರು ವರ್ಷ. ಅದರ ಕಥೆ ನಿನಗೆ ಗೊತ್ತು, ಆದರೂ ಒಂದು ಭಾಗ ಕೇಳು. ಅದರ ಬೂಸ್ಟರ್ ರಾಕೆಟ್ಟಿನ ಜಾಯಿಂಟಿನಲ್ಲಿ ಓ-ರಿಂಗ್ ಎಂಬ ರಬ್ಬರ್ ಬಳೆ ಇತ್ತು. ನಮ್ಮ ಕುಕ್ಕರಿನ ಗ್ಯಾಸ್ಕೆಟ್ ಇದ್ದ ಹಾಗೆ. 1986ರ ಜನವರಿ 27ರ ರಾತ್ರಿ ಆ ಬೂಸ್ಟರ್ ತಯಾರಿಸಿದ ಕಂಪನಿ ಮಾರ್ಟನ್ ಥಯೋಕಾಲ್‌ನ ಎಂಜಿನಿಯರುಗಳು 53 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಚಳಿ ಇದ್ದರೆ ಹಾರಿಸಬೇಡಿ ಎಂದರು. ನಮ್ಮ ಲೆಕ್ಕದಲ್ಲಿ ಅದು ಸುಮಾರು 12 ಡಿಗ್ರಿ. ಅವರಲ್ಲಿ ಒಬ್ಬರಾದ ರೋಜರ್ ಬೋಯ್ಸ್‌ಜೋಲಿ ಫೋಟೋಗಳನ್ನೇ ಮುಂದಿಟ್ಟು ವಾದ ಮಾಡಿದರು. ಹಾರಿಸಬಾರದು ಎಂದು ಸಾಬೀತು ಮಾಡಿ ಎಂಬಂತೆ ಮಾತು ತಿರುಗಿತು. ಕೊನೆಗೆ ಕಂಪನಿಯ ಮೇಲಿನವರು ತಮ್ಮ ಎಂಜಿನಿಯರುಗಳ ಮಾತು ಬದಿಗಿಟ್ಟು ಒಪ್ಪಿಗೆ ಕೊಟ್ಟರು. ಮರುದಿನ ಬೆಳಗ್ಗೆ ಅಲ್ಲಿ ಇದ್ದದ್ದು ಸುಮಾರು 2 ಡಿಗ್ರಿ. 73 ಸೆಕೆಂಡಿಗೆ ಏಳು ಜೀವ ಹೋಯಿತು. ಅವರಲ್ಲಿ ಒಬ್ಬಳು ಶಾಲಾ ಟೀಚರ್.

ನಾನು ನಿನಗೆ ತೋರಿಸಬೇಕಾದದ್ದು ಆಮೇಲೆ ತನಿಖಾ ಆಯೋಗ ಕಂಡುಕೊಂಡದ್ದು. ಆ ರಾತ್ರಿ ಎಲ್ಲರೂ ಓ-ರಿಂಗಿಗೆ ಪೆಟ್ಟಾದ ಹಾರಾಟಗಳನ್ನು ಮಾತ್ರ ನೋಡಿದ್ದರು. ಕೆಲವು ಚಳಿಯಲ್ಲಿ ಆಗಿದ್ದವು, ಕೆಲವು ಬೆಚ್ಚಗಿದ್ದಾಗ. ಹಾಗಾಗಿ ಚಳಿಗೂ ಇದಕ್ಕೂ ಸಂಬಂಧ ಇಲ್ಲ ಅನ್ನಿಸಿತು. ಏನೂ ಆಗದ ಹಾರಾಟಗಳನ್ನೂ ಅದೇ ಹಾಳೆಯಲ್ಲಿ ಗುರುತು ಹಾಕಿದಾಗ ಚಿತ್ರವೇ ಬದಲಾಯಿತು. 66 ಡಿಗ್ರಿ ಫ್ಯಾರನ್‌ಹೀಟ್ ಮತ್ತು ಅದಕ್ಕಿಂತ ಬೆಚ್ಚಗಿದ್ದ 20 ಹಾರಾಟಗಳಲ್ಲಿ ಮೂರಕ್ಕೆ ಮಾತ್ರ ಪೆಟ್ಟಾಗಿತ್ತು. 65ಕ್ಕಿಂತ ಕೆಳಗೆ ಹಾರಿದ ನಾಲ್ಕಕ್ಕೆ ನಾಲ್ಕಕ್ಕೂ ಆಗಿತ್ತು.

ನೀನು ಇವತ್ತೇ ಕೂತು ಇದನ್ನೇ ಮಾಡು. ಆ ವಾಲ್ವಿನ ಮೂರೂ ರೀಡಿಂಗ್, ಅದೇ ಬ್ಯಾಚಿನ ಬೇರೆ ವಾಲ್ವ್‌ಗಳದ್ದು, ಒಳ್ಳೆಯದು ಕೆಟ್ಟದ್ದು ಎರಡೂ ಒಂದೇ ಹಾಳೆಯಲ್ಲಿ ಬರಲಿ. ಪಕ್ಕದಲ್ಲಿ ಅಳೆದಾಗ ಎಷ್ಟು ಡಿಗ್ರಿ ಇತ್ತು, ಎಷ್ಟು ಗಂಟೆಗೆ ಅಳೆದೆ ಎಂದು ಬರೆ. "ನನಗೆ ಭಯವಾಗುತ್ತಿದೆ" ಎಂದು ಹೇಳಿದರೆ ಸಮಾಧಾನ ಮಾಡಿ ಕಳಿಸುತ್ತಾರೆ. ಹಾಳೆ ಮುಂದಿಟ್ಟರೆ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಈಗ ನನ್ನ ಒಂದು ವಿಷಯ. ನಿನ್ನ ಅಮ್ಮನಿಗೂ ನಾನು ಇದನ್ನು ಹೇಳಿಲ್ಲ. ಬೆಂಗಳೂರಿನಲ್ಲಿ ನಾನು ಸರ್ಕ್ಯೂಟ್ ಬೋರ್ಡುಗಳ ಇನ್‌ಸ್ಪೆಕ್ಷನ್‌ನಲ್ಲಿ ಇದ್ದಾಗ ಒಂದು ಶನಿವಾರ ಸಂಜೆ ಲಾಟ್ ಹೊರಡಬೇಕಿತ್ತು. ಮೈಕ್ರೋಸ್ಕೋಪಿನಲ್ಲಿ ಒಂದು ಪಿನ್ನಿನ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಕರೆಂಟ್ ಟೆಸ್ಟಿನಲ್ಲಿ ಆ ಬೋರ್ಡ್ ಪಾಸ್ ಆಗಿತ್ತು. ಮೇಜಿನ ಮೇಲೆ ಸುಮ್ನೆ ಇಟ್ಟಾಗ ಬಿರುಕಿನ ಎರಡು ಬದಿಯೂ ಒಂದಕ್ಕೊಂದು ತಾಗಿಕೊಂಡಿರುತ್ತವೆ, ಅದಕ್ಕೇ ಪಾಸ್ ಆಗುತ್ತದೆ. ಅಲುಗಾಡಿದರೆ ಬಾಯಿ ಬಿಡುತ್ತದೆ. ಇದು ನನಗೆ ಗೊತ್ತಿತ್ತು. "ಟೆಸ್ಟ್ ಪಾಸ್ ಆಗಿದೆಯಲ್ಲಮ್ಮಾ, ಲಾರಿ ಕಾಯುತ್ತಿದೆ" ಎಂದರು. ನಾನು ಸಹಿ ಹಾಕಿದೆ.

ಎರಡು ರಾತ್ರಿ ನಿದ್ದೆ ಬರಲಿಲ್ಲ. ಸೋಮವಾರ ಗೇಟ್ ತೆರೆಯುವ ಮೊದಲೇ ಹೋಗಿ ನಿಂತಿದ್ದೆ. ಹೇಳಿದೆ. ಲಾಟ್ ವಾಪಸ್ ತರಿಸಿದರು, ಇನ್ನೂ ಎರಡು ಬೋರ್ಡುಗಳಲ್ಲಿ ಅದೇ ಬಿರುಕು ಸಿಕ್ಕಿತು. ನಾನು ಹೆದರಿದಷ್ಟು ಯಾರೂ ಬೈಯಲಿಲ್ಲ. ಆದರೆ ಶನಿವಾರ ಹಾಕಿದ ಸಹಿ ನನ್ನ ಕೈಬರಹದಲ್ಲೇ ಆ ಫೈಲಿನಲ್ಲಿ ಉಳಿಯಿತು. ನಿನ್ನ ಮುಂದೆ ಇರುವ ಹಾಳೆಗೆ ಇನ್ನೂ ಸಹಿ ಬಿದ್ದಿಲ್ಲ. ಸಹಿ ಹಾಕಿದ ಮೇಲೆ ನನಗೆ ಸೋಮವಾರ ಮಾಡಲು ಆದದ್ದನ್ನು ನೀನು ಸಹಿ ಹಾಕುವ ಮೊದಲೇ ಮಾಡಬಹುದು.

ಮೇಲಿನವರನ್ನು ಶತ್ರುಗಳು ಎಂದುಕೊಂಡು ಹೋಗಬೇಡ. ಅವರ ತಲೆಯ ಮೇಲೆ ದಿನಾಂಕದ ಭಾರ ಇದೆ, ಬೇರೆಯವರ ರಾಕೆಟ್ಟಿನಲ್ಲಿ ಜಾಗ ಗೊತ್ತು ಮಾಡಿದ್ದಾರೆ, ದುಡ್ಡು ಕಟ್ಟಿದ್ದಾರೆ. "ಎಷ್ಟು ದಿನ ತಡವಾಗುತ್ತದೆ?" ಎಂದು ಮೊದಲು ಕೇಳುತ್ತಾರೆ. ಅವರ ಮುಖ ನೋಡಿ "ಎರಡೇ ದಿನ ಸರ್" ಎಂದು ಬಾಯಿಗೆ ಬಂದದ್ದು ಹೇಳಬೇಡ. ಕಾರಣ ಸಿಕ್ಕಿದ ಮೇಲೆ ದಿನ ಹೇಳುತ್ತೇನೆ ಎನ್ನು. ಚಂದ್ರಯಾನ-2ಕ್ಕೆ ಒಂದು ವಾರ ಸಾಕಾಯಿತು. 2013ರ ಆಗಸ್ಟ್ 19ರಂದು ಇಸ್ರೋದ ಇನ್ನೊಂದು ರಾಕೆಟ್ ಜಿಎಸ್‌ಎಲ್‌ವಿ-ಡಿ5 ಹೊರಡಲು 1 ಗಂಟೆ 14 ನಿಮಿಷ ಇರುವಾಗ ಎರಡನೇ ಹಂತದಲ್ಲಿ ಇಂಧನ ಸೋರಿದ್ದು ಕಂಡಿತು. ಅಲ್ಲಿ ತೇಪೆ ಹಚ್ಚಲಿಲ್ಲ. ಎರಡನೇ ಹಂತವನ್ನೇ ಬದಲಾಯಿಸಿದರು, ಟ್ಯಾಂಕಿನ ಲೋಹವನ್ನೂ ಬದಲಾಯಿಸಿದರು. ನಾಲ್ಕೂವರೆ ತಿಂಗಳು ಹಿಡಿಯಿತು. 2014ರ ಜನವರಿ 5ರಂದು ಹಾರಿತು, ನಮ್ಮದೇ ಕ್ರಯೋಜೆನಿಕ್ ಎಂಜಿನ್ ಮೊದಲ ಸಲ ಗೆದ್ದದ್ದು ಆವತ್ತೇ. ಆಗ ಮಿಷನ್ ಡೈರೆಕ್ಟರ್ ಆಗಿದ್ದವರು ಕೆ. ಶಿವನ್. ಚಂದ್ರಯಾನ-2 ನಿಂತ ರಾತ್ರಿ ಇಸ್ರೋ ಅಧ್ಯಕ್ಷರಾಗಿದ್ದವರೂ ಅವರೇ.

ಹೇಳಿದ ಮೇಲೆ ಕಷ್ಟ ಬರುವುದೇ ಇಲ್ಲ ಎಂದು ನಾನು ಮಾತು ಕೊಡಲಾರೆ. ಬೋಯ್ಸ್‌ಜೋಲಿಯವರನ್ನು ಜೊತೆಯವರೇ ದೂರ ಇಟ್ಟರು. ಆ ರಾತ್ರಿ ಸಹಿ ಹಾಕುವುದಿಲ್ಲ ಎಂದ, ಅದೇ ಕಂಪನಿಯ ಅಲನ್ ಮೆಕ್‌ಡೊನಾಲ್ಡ್ ಅವರನ್ನು ಕೆಲಸದಲ್ಲಿ ಕೆಳಗಿಳಿಸಿದರು. ಅಮೆರಿಕದ ಕಾಂಗ್ರೆಸ್ ಅಡ್ಡ ಬಂದ ಮೇಲೆ ಅವರ ಜಾಗ ವಾಪಸ್ ಸಿಕ್ಕಿತು, ಆಮೇಲೆ ಆ ಜಾಯಿಂಟನ್ನು ಹೊಸದಾಗಿ ಮಾಡುವ ಕೆಲಸ ನಡೆಸಿದ್ದೂ ಅವರೇ. ನಿಮ್ಮಲ್ಲಿ ಅಷ್ಟು ದೂರ ಹೋಗುವುದಿಲ್ಲ ಎಂದು ನನ್ನ ಮನಸ್ಸು ಹೇಳುತ್ತದೆ. ನಿನ್ನ ಪಕ್ಕದ ಸೀಟಿನ ಹುಡುಗನಿಗೂ ಆ ರೀಡಿಂಗ್ ನೋಡಿ ಅನುಮಾನ ಬಂತು ಅಂದೆಯಲ್ಲ. ಅವನನ್ನೂ ಕರೆದುಕೊಂಡು ಹೋಗು. ಇಬ್ಬರು ಹೇಳಿದರೆ ಕೇಳುವ ರೀತಿಯೇ ಬೇರೆ. ಮೀಟಿಂಗ್ ಮುಗಿದ ಮೇಲೆ ಏನು ಮಾತಾಯಿತು ಎಂದು ಇಮೇಲಿನಲ್ಲಿ ನಾಲ್ಕು ಸಾಲು ಬರೆದು ಎಲ್ಲರಿಗೂ ಕಳಿಸು.

ಇವತ್ತು ಸಂಜೆ ಹಾಳೆ ಸಿದ್ಧವಾದ ಮೇಲೆ ನನಗೂ ಕಳಿಸು ಎನ್ನುವುದಿಲ್ಲ, ಅದು ನಿಮ್ಮ ಕಂಪನಿಯದು. ಆದರೆ ಅದರಲ್ಲಿರುವುದನ್ನು ಕನ್ನಡಿಯ ಮುಂದೆ ನಿಂತು ಒಂದು ಸಲ ಜೋರಾಗಿ ಹೇಳಿ ನೋಡು. ನಿನಗೆ ಅವಸರವಾದಾಗ ಮಾತು ನುಂಗುವ ಅಭ್ಯಾಸ ಇದೆ. ರಾತ್ರಿ ಏನಾದರೂ ತಿಂದು ಮಲಗು. ಬುಧವಾರದ ಬಸ್ಸಿಗೆ ಹಲಸಿನ ಹಪ್ಪಳ, ಅಪ್ಪೆಮಿಡಿ ಕಳಿಸುತ್ತೇನೆ.

ನಾಳೆ ಮೀಟಿಂಗ್ ಹತ್ತೂವರೆಗೆ ಅಂದೆಯಲ್ಲ. ಹನ್ನೆರಡರ ತನಕ ಫೋನ್ ಕೈಯಲ್ಲೇ ಹಿಡಿದು ಕೂತಿರುತ್ತೇನೆ.

ನಿನ್ನ
ದೊಡ್ಡಮ್ಮ