ಒಮ್ಮೆ ಕೊಟ್ಟ ಮಾಹಿತಿಯನ್ನು ಶಾಲೆಯಿಂದ ಮತ್ತೆ ಮತ್ತೆ ಕೇಳುವುದು ನಿಲ್ಲಲಿ

ಸಂಪಾದಕರಿಗೆ,

ಮಾನ್ಯರೇ,

ಉಡುಪಿ ಜಿಲ್ಲೆಯ ಬ್ರಹ್ಮಾವರ ತಾಲೂಕಿನ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನನ್ನ ಇಬ್ಬರು ಮಕ್ಕಳು ಓದುತ್ತಿದ್ದಾರೆ. ಅದೇ ಶಾಲೆಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ, ಸದಸ್ಯನಾಗಿ ಈ ಪತ್ರ ಬರೆಯುತ್ತಿದ್ದೇನೆ. ಮೇಲಿನ ಕಚೇರಿಗಳಿಗೆ ಸಲ್ಲಿಸಬೇಕಾದ ಮಾಹಿತಿ ಮತ್ತು ವರದಿಗಳ ಹೊರೆ ಶಿಕ್ಷಕರ ಪಾಠದ ಹೊತ್ತನ್ನು ಕಿತ್ತುಕೊಳ್ಳುತ್ತಿದೆ ಎಂಬ ದೂರು ಹೊಸದಲ್ಲ. ಶಿಕ್ಷಕರ ಸಂಘಟನೆಗಳು ಇದನ್ನು ಹಲವು ಬಾರಿ ಹೇಳಿವೆ. ಆದರೆ ಪೋಷಕರ ಕಡೆಯಿಂದ ಈ ಮಾತು ಬಂದದ್ದು ಕಡಿಮೆ. ಕಳೆದುಹೋಗುತ್ತಿರುವ ಹೊತ್ತು ನಮ್ಮ ಮಕ್ಕಳದ್ದಾದ್ದರಿಂದ ಇದನ್ನು ನಾವೇ ಕೇಳಬೇಕಾಗಿದೆ.

ಶಾಲೆ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ ಎಂಬುದು ನನ್ನ ವಾದವಲ್ಲ. ಸಾರ್ವಜನಿಕರ ಹಣದಿಂದ ನಡೆಯುವ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ, ಎಷ್ಟು ಮಂದಿ ಬಿಸಿಯೂಟ ಉಂಡರು, ಯಾವ ಮಗು ಓದುವುದರಲ್ಲಿ ಹಿಂದುಳಿದಿದೆ ಎಂಬುದು ಇಲಾಖೆಗೂ ಊರಿಗೂ ಗೊತ್ತಿರಲೇಬೇಕು. 1994-95ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಜತೆಗೆ ಡೈಸ್ ಎಂಬ ಮಾಹಿತಿ ವ್ಯವಸ್ಥೆ ಆರಂಭವಾಗುವುದಕ್ಕೆ ಮೊದಲು ಇಂಥ ಅಂಕಿ ಅಂಶ ಕೈಗೆ ಸಿಗಲು ವರ್ಷಗಳೇ ಹಿಡಿಯುತ್ತಿದ್ದವು. 2012-13ರಲ್ಲಿ ಪ್ರೌಢಶಾಲೆಗಳನ್ನೂ ಸೇರಿಸಿಕೊಂಡು ಅದು ಯು-ಡೈಸ್ ಆಯಿತು, 2018-19ರಿಂದ ಯು-ಡೈಸ್ ಪ್ಲಸ್ ಎಂಬ ಆನ್‌ಲೈನ್ ವ್ಯವಸ್ಥೆಯಾಯಿತು, 2022-23ರಿಂದ ಪ್ರತಿಯೊಂದು ಮಗುವಿನ ವಿವರವನ್ನೂ ಪ್ರತ್ಯೇಕವಾಗಿ ದಾಖಲಿಸಲಾಗುತ್ತಿದೆ. ಇದರ ಜತೆಗೆ ನಮ್ಮ ರಾಜ್ಯದ್ದೇ ಆದ ಸ್ಯಾಟ್ಸ್ ಎಂಬ ಆನ್‌ಲೈನ್ ವಿದ್ಯಾರ್ಥಿ ದಾಖಲೆ ವ್ಯವಸ್ಥೆ ಇದೆ. ಮಗುವಿನ ದಾಖಲಾತಿ, ವರ್ಗಾವಣೆ ಪತ್ರ, ಪರೀಕ್ಷೆಯ ಅಂಕ ಎಲ್ಲವೂ ಅದರಲ್ಲಿವೆ. ಈ ಎರಡನ್ನು ಕಟ್ಟಿ ಬೆಳೆಸಿದ್ದು ಒಳ್ಳೆಯ ಕೆಲಸವೇ.

ಹೀಗಿರುವಾಗ ಕಾಗದದ ಕೆಲಸ ಕಡಿಮೆಯಾಗಬೇಕಿತ್ತು. ಹಿಂದೆ ಶಾಲೆಯಿಂದ ಕ್ಲಸ್ಟರಿಗೆ, ಅಂದರೆ ಹತ್ತಿರದ ಕೆಲವು ಶಾಲೆಗಳ ಗುಂಪಿನ ಕೇಂದ್ರಕ್ಕೆ, ಅಲ್ಲಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ, ಮುಂದೆ ಜಿಲ್ಲೆಗೆ ನಮೂನೆಗಳು ಸಾಗಬೇಕಿತ್ತು. ಈಗ ಶಾಲೆಯಲ್ಲಿ ತುಂಬಿದ ವಿವರವನ್ನು ಬೆಂಗಳೂರಿನಲ್ಲಿಯೂ ದಿಲ್ಲಿಯಲ್ಲಿಯೂ ಕೂಡಲೇ ನೋಡಬಹುದು. ಆದರೂ ನಡುವಿನ ಪ್ರತಿಯೊಂದು ಹಂತವೂ ತನ್ನದೇ ನಮೂನೆಯಲ್ಲಿ ಅದೇ ಸಂಗತಿಯನ್ನು ಮತ್ತೆ ಕೇಳುವುದನ್ನು ಬಿಟ್ಟಿಲ್ಲ. ವಾಟ್ಸ್ಆ್ಯಪ್ ಗುಂಪಿನಲ್ಲಿ 'ತುರ್ತು' ಎಂಬ ತಲೆಬರಹದೊಂದಿಗೆ ಗೂಗಲ್ ಫಾರ್ಮ್ ಬರುತ್ತದೆ, ಅದನ್ನು ತುಂಬಿದ ಮೇಲೆ ಅದೇ ವಿವರದ ಎಕ್ಸೆಲ್ ಪಟ್ಟಿ ಕೇಳಲಾಗುತ್ತದೆ, ಕೊನೆಗೆ ಮುಖ್ಯ ಶಿಕ್ಷಕರ ಸಹಿ ಮತ್ತು ಮೊಹರಿನೊಂದಿಗೆ ಮುದ್ರಿತ ಪ್ರತಿಯನ್ನು ಕ್ಲಸ್ಟರಿಗೆ ತಲುಪಿಸಬೇಕಾಗುತ್ತದೆ. ಕೊಡುವಂಥದ್ದು ಏನೂ ಇಲ್ಲದಿದ್ದರೆ 'ಶೂನ್ಯ ವರದಿ'ಯನ್ನಾದರೂ ಕಳುಹಿಸಲೇಬೇಕು. ಕಳುಹಿಸದ ಶಾಲೆಗಳ ಹೆಸರು ಸಂಜೆಯೊಳಗೆ ಅದೇ ಗುಂಪಿನಲ್ಲಿ ಕಾಣಿಸಿಕೊಳ್ಳುತ್ತದೆ.

ನಾನೇ ಕಂಡ ಒಂದು ಪ್ರಸಂಗವನ್ನು ಇಲ್ಲಿ ಹೇಳುತ್ತೇನೆ. ಕುಡಿಯುವ ನೀರಿನ ಟ್ಯಾಂಕಿನ ವಿಚಾರವಾಗಿ ಮಳೆಗಾಲದ ಒಂದು ದಿನ ಶಾಲೆಗೆ ಹೋಗಿದ್ದಾಗ ಶಿಕ್ಷಕಿಯೊಬ್ಬರು ನಲಿಕಲಿ ತರಗತಿಯಲ್ಲಿದ್ದರು. ನಲಿಕಲಿಯಲ್ಲಿ ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಬೇರೆ ಬೇರೆ ತಟ್ಟೆಗಳಲ್ಲಿ, ಅಂದರೆ ಗುಂಪುಗಳಲ್ಲಿ, ಕೂತು ತಮ್ಮ ತಮ್ಮ ಕಾರ್ಡುಗಳನ್ನು ಹಿಡಿದು ಕಲಿಯುತ್ತಾರೆ. ಆ ತಟ್ಟೆಗಳಲ್ಲಿ ಮೊದಲನೆಯದು ಸಂಪೂರ್ಣವಾಗಿ ಶಿಕ್ಷಕರ ಬೆಂಬಲದಿಂದಲೇ ಕಲಿಯಬೇಕಾದ ಗುಂಪು. ಶಿಕ್ಷಕಿ ಪಕ್ಕದಲ್ಲಿ ಕೂತು ಅಕ್ಷರ ತಿದ್ದಿಸದಿದ್ದರೆ ಆ ಮಕ್ಕಳ ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ಆ ಹೊತ್ತಿಗೆ ಶೌಚಾಲಯ ಮತ್ತು ಕೈ ತೊಳೆಯುವ ನಲ್ಲಿಗಳ ಸಂಖ್ಯೆಯನ್ನು ಸ್ಥಳದ ಗುರುತಿರುವ ಫೋಟೊ ಸಮೇತ ಮಧ್ಯಾಹ್ನದೊಳಗೆ ಕಳುಹಿಸಬೇಕೆಂಬ ಸಂದೇಶ ಬಂತು. ಶಿಕ್ಷಕಿ ಕೊಡೆ ಹಿಡಿದು ಶಾಲೆಯ ಹಿಂಬದಿಗೆ ಹೋದರು. ಮಳೆಯಲ್ಲಿ ಮೊಬೈಲ್ ಸ್ಥಳವನ್ನು ತೋರಿಸಲಿಲ್ಲ. ಫೋಟೊ ಮತ್ತೆ ತೆಗೆಯಬೇಕಾಯಿತು. ತೆಗೆದದ್ದನ್ನು ಕಳುಹಿಸಲು ನೆಟ್‌ವರ್ಕ್ ಸಿಗುವ ಗೇಟಿನವರೆಗೆ ನಡೆಯಬೇಕಾಯಿತು. ಅಷ್ಟು ಹೊತ್ತೂ ಮೊದಲ ತಟ್ಟೆಯ ಪುಟ್ಟ ಮಕ್ಕಳು ಸ್ಲೇಟು ಹಿಡಿದು ಬಾಗಿಲಿನತ್ತ ನೋಡುತ್ತಾ ಕೂತಿದ್ದರು. ಅದೇ ಶೌಚಾಲಯಗಳ ಸಂಖ್ಯೆ ಯು-ಡೈಸ್ ಪ್ಲಸ್‌ನಲ್ಲಿ ದಾಖಲಾಗಿತ್ತು. ನಮ್ಮ ಸಮಿತಿ ಸಹಿ ಹಾಕಿದ ಶಾಲಾಭಿವೃದ್ಧಿ ಯೋಜನೆಯಲ್ಲಿಯೂ ಇತ್ತು. ಶೌಚಾಲಯವೇನೂ ವಾರಕ್ಕೊಮ್ಮೆ ಹೆಚ್ಚು ಕಡಿಮೆಯಾಗುವ ವಸ್ತುವಲ್ಲ.

ಇಂಥ ಬೇಡಿಕೆ ದೊಡ್ಡ ಶಾಲೆಗೂ ಸಣ್ಣ ಶಾಲೆಗೂ ಒಂದೇ ಅಳತೆಯಲ್ಲಿ ಬರುವುದು ಇದರ ಅತ್ಯಂತ ಅನ್ಯಾಯದ ಭಾಗ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕು. ಪ್ರತ್ಯೇಕ ಮುಖ್ಯ ಶಿಕ್ಷಕರ ಹುದ್ದೆ ಇರುವುದು ಮಕ್ಕಳ ಸಂಖ್ಯೆ 150 ದಾಟಿದಾಗ ಮಾತ್ರ. ಅಂದರೆ ಹೆಬ್ರಿ, ಅಮಾಸೆಬೈಲು, ಕೊಲ್ಲೂರಿನಂಥ ಘಟ್ಟದ ತಪ್ಪಲಿನ ಸಣ್ಣ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡುವವರೇ ಕಚೇರಿಯನ್ನೂ ನಡೆಸಬೇಕು. ಅಲ್ಲಿ ಗುಮಾಸ್ತರಿಲ್ಲ. ಒಬ್ಬರು ಕಂಪ್ಯೂಟರಿನ ಮುಂದೆ ಕೂತರೆ ಐದು ತರಗತಿಗಳನ್ನು ಇನ್ನೊಬ್ಬರು ನೋಡಿಕೊಳ್ಳಬೇಕು. ಆ ಇನ್ನೊಬ್ಬರು ತರಬೇತಿಗೆ ಹೋಗಿದ್ದರೆ ಪಾಠ ನಡೆಯುವುದೇ ಇಲ್ಲ. ಇದೇ ಕಾಯ್ದೆ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ 800 ಗಂಟೆಗಳ, ಆರರಿಂದ ಎಂಟನೆಯ ತರಗತಿಗೆ 1,000 ಗಂಟೆಗಳ ಬೋಧನೆ ಆಗಲೇಬೇಕು ಎನ್ನುತ್ತದೆ. ಕರಾವಳಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಯ ರಜೆಗಳು ಬಂದೇ ಬರುತ್ತವೆ. ಅವುಗಳನ್ನು ಶನಿವಾರದ ಪೂರ್ಣ ದಿನದ ತರಗತಿಗಳಿಂದ ಸರಿದೂಗಿಸುತ್ತೇವೆ. ಆದರೆ ವರದಿಗಳಿಗಾಗಿ ಹೋದ ಗಂಟೆಗಳನ್ನು ಯಾವ ವಹಿಯಲ್ಲಿಯೂ ಬರೆಯುವುದಿಲ್ಲವಾದ್ದರಿಂದ ಅವುಗಳನ್ನು ಸರಿದೂಗಿಸುವ ಪ್ರಶ್ನೆಯೇ ಏಳುವುದಿಲ್ಲ.

ಕಾಯ್ದೆಯ 27ನೇ ಕಲಮು ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರೆ ಯಾವ ಶೈಕ್ಷಣಿಕೇತರ ಕೆಲಸಕ್ಕೂ ಶಿಕ್ಷಕರನ್ನು ನಿಯೋಜಿಸಬಾರದು ಎನ್ನುತ್ತದೆ. ವರದಿ ತುಂಬುವ ಕೆಲಸ ಶಾಲೆಯ ಆವರಣದೊಳಗೆಯೇ, ಶಾಲೆಯ ಹೆಸರಿನಲ್ಲಿಯೇ ನಡೆಯುವುದರಿಂದ ಅದನ್ನು ನಿಯೋಜನೆ ಎಂದು ಯಾರೂ ಕರೆಯುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಮಾತ್ರ ಶಿಕ್ಷಕರನ್ನು ಶ್ರಮದಾಯಕ ಆಡಳಿತಾತ್ಮಕ ಕೆಲಸಗಳಲ್ಲಿ ತೊಡಗಿಸಬಾರದು ಎಂದು ನೇರವಾಗಿಯೇ ಹೇಳಲಾಗಿದೆ. ಆ ನೀತಿಯ ಉಳಿದ ವಿಚಾರಗಳ ಬಗ್ಗೆ ನಮ್ಮಲ್ಲಿ ಎಷ್ಟೇ ಭಿನ್ನಾಭಿಪ್ರಾಯ ಇರಲಿ, ಈ ಒಂದು ಮಾತಿಗೆ ಯಾವ ಪಕ್ಷದವರೂ ವಿರೋಧ ಹೇಳಲಾರರು.

ಮಾಹಿತಿ ನಿಜವಾಗಿ ಬೇಕಾದ ಕಡೆ ಅದು ಕೆಲಸಕ್ಕೆ ಬರುತ್ತಿದೆಯೇ ಎಂಬುದನ್ನೂ ನೋಡಬೇಕು. ಮಂಗಳೂರು, ಮಣಿಪಾಲ, ಉಡುಪಿ ಸುತ್ತಮುತ್ತಲಿನ ಸರಕಾರಿ ಶಾಲೆಗಳಲ್ಲಿ ಬಾಗಲಕೋಟೆ, ಕೊಪ್ಪಳ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಬಹಳ ಮಂದಿ ಇದ್ದಾರೆ. ಇವರು ವರ್ಷದ ನಡುವೆ ಬರುತ್ತಾರೆ, ಕೆಲಸ ಮುಗಿದರೆ ನಡುವೆಯೇ ಹೋಗುತ್ತಾರೆ. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸಬಾರದು ಎಂದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮು ಹೇಳುವುದರಿಂದ ಮಗು ಬಂದು ಬೆಂಚಿನಲ್ಲಿ ಕೂರುತ್ತದೆ. ಆದರೆ ಹಿಂದಿನ ಶಾಲೆ ಸ್ಯಾಟ್ಸ್‌ನಲ್ಲಿ ಬಿಟ್ಟುಕೊಡುವವರೆಗೆ ಆ ಮಗು ಕಂಪ್ಯೂಟರಿನ ಲೆಕ್ಕದಲ್ಲಿ ಅಲ್ಲೇ ಉಳಿದಿರುತ್ತದೆ. ಇನ್ನು ಆಧಾರ್‌ನಲ್ಲಿ ಇರುವ ಹೆಸರಿಗೂ ದಾಖಲಾತಿ ವಹಿಯ ಹೆಸರಿಗೂ ಹೊಂದಾಣಿಕೆಯಾಗದ ತೊಂದರೆ ನಮ್ಮ ಊರಿನ ಮಕ್ಕಳಿಗೂ ತಪ್ಪಿಲ್ಲ: ಒಂದು ಕಡೆ ಹೆಸರಿನ ಜತೆ ತಂದೆಯ ಇನಿಶಿಯಲ್, ಇನ್ನೊಂದು ಕಡೆ ಪೂಜಾರಿ ಅಥವಾ ಶೆಟ್ಟಿ ಎಂಬ ಕುಲನಾಮ, ಜನನ ಪ್ರಮಾಣಪತ್ರದಲ್ಲಿ ಇವೆರಡೂ ಇಲ್ಲ. ಒಂದು ಅಕ್ಷರ ಸರಿಪಡಿಸಲು ಕೂಲಿ ಕೆಲಸದ ತಾಯಿ ಒಂದು ದಿನದ ಸಂಬಳ ಬಿಟ್ಟು ಆಧಾರ್ ಕೇಂದ್ರದ ಸರದಿಯಲ್ಲಿ ನಿಲ್ಲುತ್ತಾಳೆ. ಇಲಾಖೆಯ ಗಮನ ಮತ್ತು ಸಿಬ್ಬಂದಿ ಬೇಕಾದದ್ದು ಇಂಥ ಕೆಲಸಕ್ಕೆ. ಒಮ್ಮೆ ಎಣಿಸಿದ ನಲ್ಲಿಗಳನ್ನು ಮತ್ತೆ ಎಣಿಸುವುದರಲ್ಲಿ ಆ ಗಮನ ಸೋರಿಹೋಗುತ್ತಿದೆ.

ನನಗೆ ಹೆಚ್ಚು ನೋವು ಕೊಡುವುದು ಈ ವ್ಯವಹಾರ ಒಂದೇ ದಿಕ್ಕಿನಲ್ಲಿ ಹರಿಯುವುದು. ಶಾಲೆ ಮಾಹಿತಿ ಕೊಡಲು ಒಂದು ತಾಸು ತಡಮಾಡಿದರೆ ವಿವರಣೆ ಕೇಳಲಾಗುತ್ತದೆ. ಶಾಲೆ ಕೊಟ್ಟ ಮಾಹಿತಿಗೆ ಕಚೇರಿ ವರ್ಷವಾದರೂ ಉತ್ತರಿಸದಿದ್ದರೆ ಕೇಳುವವರಿಲ್ಲ. ನಮ್ಮ ಶಾಲೆಯ ಒಂದು ಕೋಣೆಯ ಮಾಡಿನ ಪಕ್ಕಾಸುಗಳಿಗೆ ಗೆದ್ದಲು ಹಿಡಿದು ಹಂಚುಗಳು ಜಾರುತ್ತಿವೆ. 'ದುರಸ್ತಿ ಅಗತ್ಯವಿರುವ ಕೊಠಡಿಗಳು' ಎಂಬ ಅಂಕಣದಲ್ಲಿ ಇದನ್ನು ಪ್ರತಿ ಬಾರಿಯೂ ನಮೂದಿಸಲಾಗಿದೆ. ಸಮಿತಿಯ ನಿರ್ಣಯವನ್ನೂ ಕಳುಹಿಸಿದ್ದೇವೆ. ಮಳೆಗಾಲಕ್ಕೆ ಮುನ್ನ ಶಿಥಿಲ ಕೊಠಡಿಗಳ ಪಟ್ಟಿ ಕೊಡಿ ಎಂಬ ಹೊಸ ನಮೂನೆ ಬಂದಾಗ ಅದನ್ನೂ ತುಂಬಿದೆವು. ಆ ಪಟ್ಟಿ ಎಲ್ಲಿಗೆ ಹೋಯಿತು, ಯಾವ ಕ್ರಮಾಂಕದಲ್ಲಿ ನಮ್ಮ ಕೋಣೆ ಇದೆ, ಅನುದಾನ ಯಾವ ವರ್ಷ ಸಿಗಬಹುದು ಎಂಬುದನ್ನು ನಮಗೆ ಯಾರೂ ತಿಳಿಸಿಲ್ಲ. ಕರ್ನಾಟಕದಲ್ಲಿ 2011ರ ಸಕಾಲ ಅಧಿನಿಯಮದ ಪ್ರಕಾರ ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದವರಿಗೂ ಇಂತಿಷ್ಟು ದಿನದೊಳಗೆ ಉತ್ತರ ಸಿಗಬೇಕು, ತಡವಾದರೆ ಅಧಿಕಾರಿ ಹೊಣೆಯಾಗಬೇಕು ಎಂಬ ಏರ್ಪಾಡಿದೆ. ಮಕ್ಕಳ ತಲೆಯ ಮೇಲಿನ ಹಂಚಿನ ಬಗ್ಗೆ ಶಾಲೆ ಕೊಟ್ಟ ವರದಿಗೆ ಅಷ್ಟಾದರೂ ಬೆಲೆ ಇರಬೇಡವೇ?

ಇನ್ನೊಂದು ಮಾತು. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಇದು ಸಂತೋಷದ ಸಂಗತಿ. ಆದರೆ ಜಿಲ್ಲೆಯ ಸ್ಥಾನವೇ ಉತ್ತರದಾಯಿತ್ವದ ಕೊನೆಯ ಅಳತೆಯಾದರೆ ಮೂರನೆಯ ತರಗತಿಯಲ್ಲಿ ಇನ್ನೂ ಕೂಡಿಸಿ ಓದಲಾಗದ ಮಗು ಆ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ.

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಲ್ಲಿ ಮತ್ತು ಜಿಲ್ಲಾ ಪಂಚಾಯತ್ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಲ್ಲಿ ನನ್ನ ವಿನಂತಿ ಹೀಗಿದೆ. ಯು-ಡೈಸ್ ಪ್ಲಸ್ ಅಥವಾ ಸ್ಯಾಟ್ಸ್‌ನಲ್ಲಿ ಈಗಾಗಲೇ ಇರುವ ಯಾವುದೇ ವಿವರವನ್ನು ಶಾಲೆಯಿಂದ ಮತ್ತೆ ಕೇಳಬಾರದು. ಬೇಕಾದ ಕಚೇರಿಯೇ ಅಲ್ಲಿಂದ ತೆಗೆದುಕೊಳ್ಳಬೇಕು. ಹೊಸ ಮಾಹಿತಿ ಬೇಕಾದರೆ ಅದು ಜಿಲ್ಲಾ ಕಚೇರಿಯ ಒಬ್ಬ ಗೊತ್ತುಪಡಿಸಿದ ಅಧಿಕಾರಿಯ ಮೂಲಕವೇ, ಯಾವ ಆದೇಶದ ಮೇರೆಗೆ ಮತ್ತು ಯಾವ ಉದ್ದೇಶಕ್ಕೆ ಎಂಬ ಒಕ್ಕಣೆಯೊಂದಿಗೆ ಬರಬೇಕು, ಪ್ರಕೃತಿ ವಿಕೋಪ ಮತ್ತು ಮಕ್ಕಳ ಸುರಕ್ಷತೆಯ ಸಂದರ್ಭ ಬಿಟ್ಟರೆ ಉತ್ತರಿಸಲು ಕನಿಷ್ಠ ಏಳು ಕೆಲಸದ ದಿನ ಕೊಡಬೇಕು, ಪಾಠದ ಅವಧಿಯಲ್ಲಿ ಉತ್ತರ ಬಯಸಬಾರದು. ಆನ್‌ಲೈನ್‌ನಲ್ಲಿ ಕೊಟ್ಟದ್ದಕ್ಕೆ ಮುದ್ರಿತ ಪ್ರತಿ ಕೇಳುವುದನ್ನೂ, ಶೂನ್ಯ ವರದಿಯನ್ನೂ ಕೈಬಿಡಬೇಕು. ಎರಡು ವ್ಯವಸ್ಥೆಗಳಿಗೂ ಪ್ರತಿ ಮಗುವಿನ ವಿವರವನ್ನು ಬೇರೆ ಬೇರೆಯಾಗಿ ತುಂಬಬೇಕಾಗಿರುವುದನ್ನು ತಪ್ಪಿಸುವುದು ಜಿಲ್ಲೆಯ ಕೈಯಲ್ಲಿಲ್ಲ ಎಂಬುದು ಗೊತ್ತಿದೆ. ಅದನ್ನು ರಾಜ್ಯ ಮತ್ತು ಕೇಂದ್ರ ಸರಕಾರಗಳು ಕೂತು ಮಾತಾಡಿ ಬಗೆಹರಿಸಬೇಕು. ಅಲ್ಲಿಯವರೆಗೆ ಪ್ರತಿ ಕ್ಲಸ್ಟರಿಗೆ ಒಬ್ಬ ಡೇಟಾ ಎಂಟ್ರಿ ಆಪರೇಟರ್ ಇದ್ದರೂ ಏಕೋಪಾಧ್ಯಾಯ ಮತ್ತು ದ್ವಿಶಿಕ್ಷಕ ಶಾಲೆಗಳು ಉಸಿರಾಡಿಯಾವು.

ಮಕ್ಕಳ ಫೋಟೊ, ಆಧಾರ್ ಸಂಖ್ಯೆ, ಪೋಷಕರ ಮೊಬೈಲ್ ಸಂಖ್ಯೆಗಳನ್ನು ವಾಟ್ಸ್ಆ್ಯಪ್ ಗುಂಪುಗಳಲ್ಲಿ ತರಿಸಿಕೊಳ್ಳುವುದು ಇಂದೇ ನಿಲ್ಲಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಕ್ಕಳ ಮಾಹಿತಿಗೆ ವಿಶೇಷ ರಕ್ಷಣೆ ಕೊಟ್ಟಿದೆ.

ಹೀಗೆ ಮಾಡಿದರೆ ಶಾಲೆಗಳ ಮೇಲಿನ ಹಿಡಿತ ಸಡಿಲವಾಗಿ ಸುಳ್ಳು ದಾಖಲಾತಿ, ಬಿಸಿಯೂಟದ ಅಕ್ಕಿಯ ಸುಳ್ಳು ಲೆಕ್ಕ ಹೆಚ್ಚಬಹುದು ಎಂಬ ಭಯ ಅಧಿಕಾರಿಗಳಿಗೆ ಇರಬಹುದು; ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಸುಳ್ಳು ಲೆಕ್ಕ ಬರೆಯುವವರು ನಾಲ್ಕು ನಮೂನೆಗಳಲ್ಲಿಯೂ ಅದೇ ಸುಳ್ಳನ್ನು ಬರೆಯಬಲ್ಲರು. ಅದನ್ನು ಹಿಡಿಯಬಲ್ಲವರು ದಿನವೂ ಮಕ್ಕಳನ್ನು ಶಾಲೆಗೆ ಬಿಡುವ ತಂದೆ ತಾಯಂದಿರು ಮತ್ತು ಅಡುಗೆ ಸಿಬ್ಬಂದಿ. ಆದ್ದರಿಂದ ಶಾಲೆಯ ಒಟ್ಟು ವಿವರ, ಅಂದರೆ ದಾಖಲಾತಿ, ಶಿಕ್ಷಕರ ಹುದ್ದೆಗಳು, ಬಂದ ಅನುದಾನ ಮತ್ತು ಅದರ ಖರ್ಚು, ಶಾಲೆ ಕೇಳಿದ ದುರಸ್ತಿ ಮತ್ತು ಅದಕ್ಕೆ ಕಚೇರಿ ಕೊಟ್ಟ ಉತ್ತರ, ಇವೆಲ್ಲವೂ ಒಂದು ಪುಟದಲ್ಲಿ, ಕನ್ನಡದಲ್ಲಿ, ವರ್ಷಕ್ಕೆರಡು ಬಾರಿ ಶಾಲೆಯ ಸೂಚನಾ ಫಲಕಕ್ಕೂ ಎಸ್‌ಡಿಎಂಸಿ ಸಭೆಗೂ ಮಕ್ಕಳ ಗ್ರಾಮಸಭೆಗೂ ಬರಲಿ. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಸಾರ್ವಜನಿಕ ಸಂಸ್ಥೆಗಳು ಸ್ವಯಂಪ್ರೇರಿತವಾಗಿ ವಿವರ ಪ್ರಕಟಿಸಬೇಕೆಂದು ಹೇಗೂ ಹೇಳಿದೆ.

ಶಾಲೆಗೆ ಹೊರಗಿನಿಂದ ಬಂದ ಪ್ರತಿಯೊಂದು ಮಾಹಿತಿ ಕೋರಿಕೆಯನ್ನೂ, ಅದಕ್ಕೆ ಹಿಡಿದ ಸಮಯವನ್ನೂ ಒಂದು ವಹಿಯಲ್ಲಿ ಬರೆದಿಡುವ ಪ್ರಸ್ತಾವವನ್ನು ನಮ್ಮ ಸಮಿತಿಯ ಮುಂದಿನ ಸಭೆಯಲ್ಲಿ ಇಡಲಿದ್ದೇನೆ. ಅದನ್ನು ಬರೆಯುವ ಕೆಲಸ ಶಿಕ್ಷಕರದ್ದಲ್ಲ, ಸಮಿತಿಯ ಪೋಷಕ ಸದಸ್ಯರದ್ದು. ಎರಡೂ ಜಿಲ್ಲೆಗಳ ಬೇರೆ ಎಸ್‌ಡಿಎಂಸಿಗಳೂ ಇದೇ ರೀತಿ ಬರೆದಿಟ್ಟರೆ ಮುಂದಿನ ತ್ರೈಮಾಸಿಕ ಕೆಡಿಪಿ ಸಭೆಗೆ, ಅಂದರೆ ಸರಕಾರಿ ಕಾರ್ಯಕ್ರಮಗಳ ಪ್ರಗತಿ ಪರಿಶೀಲನಾ ಸಭೆಗೆ, ಮೊದಲು ಅವುಗಳನ್ನು ಒಟ್ಟುಗೂಡಿಸಿ ಶಾಸಕರ ಮತ್ತು ಅಧಿಕಾರಿಗಳ ಮುಂದೆ ಇಡಬಹುದು.

ಇತಿ,
ಎಸ್‌ಡಿಎಂಸಿ ಸದಸ್ಯರೊಬ್ಬರು
ಬ್ರಹ್ಮಾವರ ತಾಲೂಕು, ಉಡುಪಿ ಜಿಲ್ಲೆ