ಚೈನಿಗೆ ಎಣ್ಣೆ ಸುರಿಯಬೇಡಿ, ಮೇಣ ಹಾಕಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಚಳಿಗಾಲದ ಸೈಕಲ್ ಸವಾರಿಯ ಬಗ್ಗೆ ಬಂದ ಬರಹ ಓದಿದೆ. ಸೀಟಿನ ಎತ್ತರ, ಟೈರಿನ ಗಾಳಿ, ಹೆಲ್ಮೆಟ್, ಎಲ್ಲ ಚೆನ್ನಾಗಿ ತಿಳಿಸಿದ್ದಾರೆ. ಚೈನಿನ ಬಗ್ಗೆ ಮಾತ್ರ ‘ವಾರಕ್ಕೊಮ್ಮೆ ಧಾರಾಳವಾಗಿ ಎಣ್ಣೆ ಹಾಕಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಆ ಸಾಲಿಗೆ ನನ್ನ ತಕರಾರಿದೆ.

ನಾನು ವಿಜಯಪುರದ ಕಡೆಯವಳು. ಇಲ್ಲಿ ಪುಣೆಯ ಚಿಂಚವಡದಲ್ಲಿ ಸಣ್ಣ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಹೊಸ ಬಟ್ಟೆಗಿಂತ ಆಲ್ಟರೇಷನ್ ಕೆಲಸವೇ ಜಾಸ್ತಿ. ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಸೈಕಲ್ ಮೇಲೆ ಹೋಗುವವರು, ಕಾಲೇಜಿನ ಮಕ್ಕಳು ಪ್ಯಾಂಟು ತರುತ್ತಾರೆ. ಅಂಚು ತಿರುಗಿಸಿ ನೋಡಿದರೆ ಸಾಕು, ಸೈಕಲ್ ತುಳಿಯುವವರದು ಯಾವುದು ಅಂತ ಹೇಳಿಬಿಡುತ್ತೇನೆ. ಕಲೆ ಇರುವುದು ಯಾವಾಗಲೂ ಬಲಗಾಲಿಗೆ, ಅದೂ ಒಳಮಗ್ಗುಲಿಗೆ. ಚೈನ್ ಇರುವುದೇ ಬಲಗಡೆ ಅಲ್ವಾ. ಕೆಲವು ಪ್ಯಾಂಟುಗಳ ಮೇಲೆ ಹಲ್ಲುಚಕ್ರದ ಹಲ್ಲುಗಳೇ ಸಾಲಾಗಿ ಅಚ್ಚು ಬಿದ್ದಿರುತ್ತವೆ. ಸೋಪು, ಪುಡಿ, ಬಿಸಿನೀರು ಏನು ಮಾಡಿದರೂ ಬೂದು ಬಣ್ಣ ಉಳಿದೇ ಉಳಿಯುತ್ತದೆ. ‘ಅಷ್ಟು ಭಾಗ ಒಳಕ್ಕೆ ಮಡಿಚಿ ಹೊಲಿದುಕೊಡಿ ಅಕ್ಕಾ’ ಅನ್ನುತ್ತಾರೆ. ಸಂಬಳದ ದುಡ್ಡಲ್ಲಿ ಕೊಂಡ ಒಳ್ಳೆ ಪ್ಯಾಂಟು ಹಾಗೆ ಹಾಳಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಆ ಕಪ್ಪು ಬರೀ ಎಣ್ಣೆ ಅಲ್ಲ. ಅದರಲ್ಲಿ ರಸ್ತೆಯ ಧೂಳಿದೆ, ಚೈನಿನಿಂದಲೇ ಸವೆದು ಬಂದ ಉಕ್ಕಿನ ಸಣ್ಣ ಪುಡಿ ಇದೆ. ಹೊರಗೆ ಬಳಿದ ಎಣ್ಣೆ ಧೂಳನ್ನು ಹಿಡಿದುಕೊಳ್ಳುತ್ತದೆ. ಆ ಧೂಳು ಎಣ್ಣೆಯ ಜತೆ ಕೀಲುಗಳ ಒಳಗೆ ಹೋಗಿ ಸಾಣೆ ಹಿಡಿದ ಹಾಗೆ ತೇಯುತ್ತದೆ. ನಮ್ಮ ಕಡೆ ದೀಪಾವಳಿ ಕಳೆದ ಮೇಲೆ ಮೇ ತಿಂಗಳ ತನಕ ಧೂಳೋ ಧೂಳು. ಎಣ್ಣೆ ಜಾಸ್ತಿ ಹಾಕಿದಷ್ಟೂ ಚೈನ್ ಬೇಗ ಸವೆಯುತ್ತದೆ.

ಹೊಲಿಗೆ ಮೆಷಿನ್ನಿಗೆ ನಾನು ದಿನಾ ಎಣ್ಣೆ ಬಿಡುವವಳು. ಎಲ್ಲಿ ಎರಡು ಲೋಹ ಉಜ್ಜುತ್ತವೋ ಅಲ್ಲಿಗೆ ಒಂದು ಹನಿ, ಮಿಕ್ಕಿದ್ದು ಒರೆಸಬೇಕು. ಚೈನಿಗೂ ಇದೇ ಲೆಕ್ಕ. ಒಂದೊಂದು ಕೊಂಡಿಯಲ್ಲೂ ಪಟ್ಟಿ, ಪಿನ್ನು, ಅದರ ಮೇಲೆ ತಿರುಗುವ ರೋಲರ್ ಇರುತ್ತವೆ. ಜಾರಿಕೆ ಬೇಕಾಗಿರುವುದು ಪಿನ್ನಿನ ಸುತ್ತ ಮತ್ತು ರೋಲರಿನ ಒಳಗೆ. ಹೊರಗಿನ ಪಟ್ಟಿಗೆ ಏನೂ ಬೇಡ. ಈಗ ನಾವು ಬಳಸುವ ಚೈನಿನ ಮೂಲ ರಚನೆ 1880ರದು, ಹಾನ್ಸ್ ರೆನಾಲ್ಡ್ ಎಂಬ ಎಂಜಿನಿಯರನದು. ಅದರ ಹಿಂದಿನ ವರ್ಷ ಆತ ಇಂಗ್ಲೆಂಡಿನ ಸಾಲ್ಫರ್ಡ್‌ನಲ್ಲಿ ಜವಳಿ ಯಂತ್ರಗಳಿಗೆ ಚೈನ್ ಮಾಡುವ ಸಣ್ಣ ಕಾರ್ಖಾನೆಯೊಂದನ್ನು ಕೊಂಡಿದ್ದ. ಬಟ್ಟೆಯ ಕೆಲಸಕ್ಕೆ ಚೈನ್ ಮಾಡುತ್ತಿದ್ದ ಜಾಗದಿಂದ ಸೈಕಲ್ ಚೈನ್ ಬಂತು ಅಂತ ತಿಳಿದಾಗ ನನಗೆ ತುಂಬಾ ಖುಷಿಯಾಯಿತು.

ಎಣ್ಣೆ ಬದಲು ನಾನು ಪ್ಯಾರಾಫಿನ್ ಮೇಣ ಹಾಕುತ್ತೇನೆ. ಮನೆಯಲ್ಲೇ ಮಾಡುವ ಕೆಲಸ. ಗುಂಡಿ ಹೊಲಿಯುವ ದಾರಕ್ಕೆ ಉಜ್ಜುವ ಜೇನುಮೇಣ ಇದಕ್ಕೆ ಆಗುವುದಿಲ್ಲ, ಅದು ಅಂಟು. ದೀಪಾವಳಿಯಲ್ಲಿ ಉಳಿದ ಬಣ್ಣದ, ವಾಸನೆಯ ಮೇಣದಬತ್ತಿಯೂ ಬೇಡ. ಮೇಣದಬತ್ತಿ ಮಾಡುವ ಸಾಮಾನಿನ ಅಂಗಡಿಯಲ್ಲಿ ಬಿಳಿ ಪ್ಯಾರಾಫಿನ್ ಗಟ್ಟಿ ಕೇಳಿ. ಅರ್ಧ ಕಿಲೋ ಇದ್ದರೆ ಬಹಳ ದಿನ ಬರುತ್ತದೆ.

ಮೊದಲು ಚೈನ್ ಬಿಚ್ಚಬೇಕು. ಗೇರ್ ಸೈಕಲ್ಲಿನಲ್ಲಿ ಕೈಯಿಂದಲೋ ಇಕ್ಕಳದಿಂದಲೋ ಬಿಚ್ಚುವ ಜೋಡಣೆ ಕೊಂಡಿ ಇರುತ್ತದೆ. ನನ್ನಂಥ ಸಾದಾ ಲೇಡೀಸ್ ಸೈಕಲ್ಲಿಗೆ ಸಣ್ಣ ಸ್ಪ್ರಿಂಗ್ ಕ್ಲಿಪ್ ಇರುತ್ತದೆ. ಮತ್ತೆ ಹಾಕುವಾಗ ಆ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಬೇಕು. ತಿರುವುಮುರುವಾದರೆ ಎಲ್ಲಾದರೂ ತಾಗಿ ಹಾರಿಹೋಗುತ್ತದೆ.

ಆಮೇಲೆ ಜಿಡ್ಡು ಬಿಡಿಸುವುದು. ಇದರಲ್ಲಿ ಅವಸರ ಕೂಡದು. ಹೊಸ ಚೈನಿಗೂ ಕಾರ್ಖಾನೆಯ ಗ್ರೀಸ್ ಇರುತ್ತದೆ, ಅದೂ ಹೋಗಲೇಬೇಕು, ಇಲ್ಲದಿದ್ದರೆ ಮೇಣ ಕೂರುವುದಿಲ್ಲ. ಪೇಂಟ್ ಅಂಗಡಿಯ ಟರ್ಪೆಂಟೈನನ್ನು ಅಗಲ ಬಾಯಿಯ ಬಾಟಲಿಗೆ ಹಾಕಿ, ಚೈನ್ ಬಿಟ್ಟು, ಮುಚ್ಚಳ ಹಾಕಿ ಕುಲುಕಬೇಕು. ಕಪ್ಪಾದರೆ ಬೇರೆ ಹಾಕಿ ಮತ್ತೆ ಕುಲುಕಬೇಕು. ತಿಳಿಯಾಗಿ ಉಳಿಯುವ ತನಕ ಹೀಗೇ. ಕೊನೆಗೆ ಸ್ಪಿರಿಟ್‌ನಲ್ಲಿ ಒಮ್ಮೆ ಅದ್ದಿ ಪೂರ್ತಿ ಒಣಗಿಸಬೇಕು. ಬಾಲ್ಕನಿಯಲ್ಲೋ ಅಂಗಳದಲ್ಲೋ ಮಾಡಿ. ಹತ್ತಿರ ಒಲೆ, ದೀಪ, ಬೀಡಿ ಯಾವುದೂ ಇರಬಾರದು. ಪೆಟ್ರೋಲ್ ಮಾತ್ರ ಮುಟ್ಟಲೇಬೇಡಿ. ಬೀದಿಯಲ್ಲಿ ಕೂತು ಹುಡುಗರು ಚೈನನ್ನು ಪೆಟ್ರೋಲಿನಲ್ಲಿ ತೊಳೆಯುವುದನ್ನು ನೋಡಿದಾಗಲೆಲ್ಲ ನನ್ನ ಎದೆ ಝಲ್ಲೆನ್ನುತ್ತದೆ. ಅದರ ಆವಿ ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ.

ಕೊಳೆಯಾದ ಟರ್ಪೆಂಟೈನನ್ನು ಬಚ್ಚಲಿಗೆ ಚೆಲ್ಲಬೇಡಿ. ಬಾಟಲಿಯಲ್ಲೇ ಕೆಲವು ದಿನ ಬಿಡಿ. ಹೂಳು ತಳಕ್ಕೆ ಇಳಿಯುತ್ತದೆ, ಮೇಲಿನ ತಿಳಿಯನ್ನು ಬಗ್ಗಿಸಿಕೊಂಡು ಮುಂದಿನ ಸಲ ಬಳಸಬಹುದು. ನಮ್ಮಲ್ಲಿ ಕೆಲವು ರಿಪೇರಿ ಅಂಗಡಿಯವರು ಬೈಕಿನಿಂದ ಇಳಿಸಿದ ವೇಸ್ಟ್ ಆಯಿಲನ್ನೇ ಸೈಕಲ್ ಚೈನಿಗೆ ಸುರಿಯುತ್ತಾರೆ. ಅರ್ಧ ಚೈನಿಗೆ, ಅರ್ಧ ನೆಲಕ್ಕೆ. ಮಳೆ ಬಂದರೆ ಅದು ಗಟಾರ ಹಿಡಿದು ಪವನಾ ನದಿಗೆ ಹೋಗುತ್ತದೆ. ಮೋರಯಾ ಗೋಸಾವಿ ದೇವಸ್ಥಾನದ ಘಾಟಿನಲ್ಲಿ ನಾವು ಕೈಮುಗಿದು ನಿಲ್ಲುವುದು ಅದೇ ನದಿಯ ದಂಡೆಯಲ್ಲಿ.

ಇನ್ನು ಮೇಣ. ಒಂದು ಹಳೆಯ ಸ್ಟೀಲ್ ಡಬ್ಬಿಯನ್ನು ಇದಕ್ಕಂತಲೇ ತೆಗೆದಿಡಿ, ಮತ್ತೆ ಅಡುಗೆಗೆ ಬೇಡ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಅದರಲ್ಲಿ ಈ ಡಬ್ಬಿ ಇಟ್ಟು ಮೇಣ ಕರಗಿಸಿ. ನೇರ ಉರಿಯ ಮೇಲೆ ಇಡಲೇಬಾರದು. ಮೇಣ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ, ಸುತ್ತ ನೀರಿದ್ದರೆ ಶಾಖ 100 ದಾಟುವುದಿಲ್ಲ. ನೇರ ಉರಿಗಿಟ್ಟರೆ ಎಷ್ಟಕ್ಕೆ ಏರುತ್ತದೆ ಅಂತ ಹೇಳಲಾಗದು, ಹೊತ್ತಿಕೊಳ್ಳಬಹುದು. ಹೊತ್ತಿಕೊಂಡ ಮೇಣಕ್ಕೆ ನೀರು ಸುರಿದರೆ ಉರಿ ಮೇಲಕ್ಕೆ ಚಿಮ್ಮುತ್ತದೆ. ಮುಚ್ಚಳ ಹತ್ತಿರವೇ ಇರಲಿ, ಅಲ್ಲಿಂದ ಏಳಬೇಡಿ, ಚಿಕ್ಕ ಮಕ್ಕಳನ್ನು ಅಡುಗೆಮನೆಯಿಂದ ಆಚೆ ಕಳಿಸಿ.

ಒಣಗಿದ ಚೈನನ್ನು ತಂತಿಗೆ ಪೋಣಿಸಿ ಮೇಣಕ್ಕೆ ಇಳಿಸಿ. ಹತ್ತು ನಿಮಿಷ ಬಿಟ್ಟರೆ ಉಕ್ಕೂ ಬಿಸಿಯಾಗುತ್ತದೆ. ತಂತಿಯಿಂದ ಮೆಲ್ಲಗೆ ಆಡಿಸಿದರೆ ರೋಲರುಗಳಿಂದ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಒಳಗಿನ ಗಾಳಿ ಹೊರಬಂದು ಆ ಜಾಗಕ್ಕೆ ಮೇಣ ಹೋಗುತ್ತಿದೆ ಅಂತ ಅರ್ಥ. ಗುಳ್ಳೆ ನಿಂತ ಮೇಲೆ ಒಲೆ ಆರಿಸಿ, ಮೇಣ ಸ್ವಲ್ಪ ತಣಿಯಲಿ. ಆಗ ಎತ್ತಿದರೆ ಒಳಗಿನದು ಸೋರಿಹೋಗದೆ ಉಳಿಯುತ್ತದೆ. ನಾನು ಬಾಲ್ಕನಿಯ ಬಟ್ಟೆ ಒಣಗಿಸುವ ತಂತಿಗೆ ನೇತುಹಾಕುತ್ತೇನೆ, ಕೆಳಗೆ ನಿಮ್ಮ ಪತ್ರಿಕೆಯ ಹಳೆ ಹಾಳೆ ಹಾಸಿ. ಆರಿದ ಮೇಲೆ ಚೈನ್ ಸೆಟೆದುಕೊಂಡಿರುತ್ತದೆ. ಹೆದರಬೇಡಿ. ದುಂಡನೆಯ ಸಲಾಕೆಯ ಮೇಲೆ ಒಂದೊಂದೇ ಕೊಂಡಿ ಬಗ್ಗಿಸುತ್ತಾ ಹೋದರೆ ಟಕ್ ಟಕ್ ಅಂತ ಸಡಿಲವಾಗುತ್ತದೆ, ಬಿಳಿ ಚೂರು ಉದುರುತ್ತವೆ. ಸೈಕಲ್ಲಿಗೆ ಹಾಕಿ ಒಂದು ಸುತ್ತು ಹೋಗಿಬಂದರೆ ಉಳಿದದ್ದೂ ಉದುರುತ್ತದೆ. ಆಮೇಲೆ ಚೈನನ್ನು ಬರಿಗೈಯಲ್ಲಿ ಹಿಡಿದರೂ ಕೈ ಕಪ್ಪಾಗುವುದಿಲ್ಲ.

ಒಣ ರಸ್ತೆಯಲ್ಲಿ ಸುಮಾರು 300 ಕಿಲೋಮೀಟರ್‌ವರೆಗೆ ಬರುತ್ತದೆ. ಕಿರ್ ಅಂತ ಸದ್ದು ಬರಲು ಶುರುವಾದರೆ ಮತ್ತೆ ಅದ್ದಬೇಕು. ಎರಡನೇ ಸಲ ಟರ್ಪೆಂಟೈನ್ ಬೇಡ. ಕುದಿಯುವ ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ ಅದ್ದಿದರೆ ಆಯಿತು.

ಮಳೆಗಾಲದ ಮಾತು ಬೇರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನೀರಲ್ಲೇ ಓಡಾಡುವವರಿಗೆ ಮೇಣ ನಿಲ್ಲುವುದಿಲ್ಲ, ಒದ್ದೆ ಚೈನ್ ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಯಬಹುದು. ಆ ನಾಲ್ಕು ತಿಂಗಳು ಎಣ್ಣೆಯೇ ಸರಿ. ಆದರೆ ಒಂದು ರೋಲರಿಗೆ ಒಂದೇ ಹನಿ, ಸ್ವಲ್ಪ ಹೊತ್ತು ಬಿಟ್ಟು ಹೊರಗಿನದೆಲ್ಲ ಬಟ್ಟೆಯಿಂದ ಒರೆಸಿಬಿಡಿ.

ಸವೆದ ಚೈನಿಗೆ ಮೇಣ ಹಾಕಿ ಫಲವಿಲ್ಲ. ಮೊದಲೇ ಅಳೆದು ನೋಡಿ, ಬಟ್ಟೆಯ ಟೇಪಿನಿಂದಲ್ಲ, ಸ್ಟೀಲ್ ಸ್ಕೇಲಿನಿಂದ. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಅಂದರೆ 24 ಕೊಂಡಿಗೆ ಸರಿಯಾಗಿ 12 ಇಂಚು. ಗೇರ್ ಸೈಕಲ್ಲಿನಲ್ಲಿ ಕೊನೆಯ ಪಿನ್ನು ಇಂಚಿನ 16ರಲ್ಲಿ ಒಂದು ಭಾಗ ಮುಂದೆ ಹೋಗಿದ್ದರೆ ಹೊಸದು ತರುವ ಹೊತ್ತು ಬಂತು. 8ರಲ್ಲಿ ಒಂದು ಭಾಗದ ತನಕ ಬಿಟ್ಟರೆ ಹಲ್ಲುಗಳೂ ಸವೆಯುತ್ತವೆ, ಖರ್ಚು ಎಷ್ಟೋ ಪಟ್ಟು ಆಗುತ್ತದೆ. ಪುಣೆಯ ‘ನಾನಾ ಪೇಠ್’ ಎಂಬ ಪೇಟೆಯಲ್ಲಿ ಎಲ್ಲ ತರಹದ ಚೈನ್ ಸಿಗುತ್ತವೆ.

ಸಂಪಾದಕರಲ್ಲಿ ನನ್ನ ಕೇಳಿಕೆ ಇಷ್ಟು: ಮುಂದಿನ ಪುರವಣಿಯಲ್ಲಿ ಆ ಒಂದು ಸಾಲನ್ನು ತಿದ್ದಿ ಹಾಕಿ. ಪೆಟ್ರೋಲ್ ಬೇಡ, ವೇಸ್ಟ್ ಆಯಿಲ್ ಬೇಡ ಎಂಬುದನ್ನು ದಪ್ಪ ಅಕ್ಷರದಲ್ಲಿ ಹಾಕಿ. ಕೊಂಡಿಯ ಚಿತ್ರ ಒಂದಿದ್ದರೆ ಮಕ್ಕಳಿಗೂ ತಿಳಿಯುತ್ತದೆ. ನಮ್ಮ ಓಣಿಯಲ್ಲಿ ಕೇಳಿದವರಿಗೆ ನಾನು ಭಾನುವಾರ ಬೆಳಿಗ್ಗೆ ಮಾಡಿ ತೋರಿಸುತ್ತೇನೆ. ಮೇಣ, ಡಬ್ಬಿ ನನ್ನ ಹತ್ತಿರ ಇವೆ. ಜಿಡ್ಡು ಬಿಡಿಸಿ, ಒಣಗಿಸಿದ ಚೈನ್ ತಂದರೆ ಸಾಕು.

ಇತಿ,
ನಿಮ್ಮ ಓದುಗಳು
ಚಿಂಚವಡ, ಪುಣೆ